ವೇಪ್ ಬಿಟ್ಟರೆ ಕಿವಿಯ ಗುಂಯ್ ನಿಲ್ಲುತ್ತಾ ಸರ್?

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಹುಡುಗನೊಬ್ಬನ ಕಥೆ ಇದು. ಹೆಸರು, ಊರು, ಕೆಲಸದ ಒಂದಿಷ್ಟು ವಿವರ ಬದಲಿಸಿದ್ದೇನೆ. ಬರೆಯಬಹುದು ಅಂತ ಅವನೇ ಒಪ್ಪಿದ್ದಾನೆ. ಇಲ್ಲಿ ಪ್ರಸನ್ನ ಅಂತ ಕರೆಯೋಣ.

ವಯಸ್ಸು 27. ಮಲೆನಾಡಿನ ಕಡೆಯವನು, ಮನೆಯಲ್ಲಿ ಅಡಿಕೆ ತೋಟ. ಬೆಂಗಳೂರಿನಲ್ಲಿ ರಾತ್ರಿ ಪಾಳಿ, ಎಂಟು ಗಂಟೆ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ವಿದೇಶದ ಗ್ರಾಹಕರ ದೂರು ಕೇಳುವ ಕೆಲಸ. ಮೊದಲ ದಿನ ನಾನು 'ನೀವು' ಅಂದಾಗ "ನೀನು ಅನ್ನಿ ಸರ್, ಇಲ್ಲದಿದ್ರೆ ಆಫೀಸಲ್ಲಿ ಕೂತ ಹಾಗಾಗುತ್ತೆ" ಅಂದ. ಆಮೇಲೆ ವಿಷಯಕ್ಕೆ ಬಂದ. "ದೀಪಾವಳಿ ಹೊತ್ತಿಗೆ ತೋಟದಲ್ಲಿ ಜೀರುಂಡೆ ಕೂಗ್ತಾವಲ್ಲ, ಹಂಗೆ. ಎರಡೂ ಕಿವಿಲಿ. ಐದು ತಿಂಗಳಾಯ್ತು, ನಿಲ್ತಾನೇ ಇಲ್ಲ."

ಇಎನ್‌ಟಿ ಡಾಕ್ಟರಿಗೆ ತೋರಿಸಿದ್ದ. ಗುಗ್ಗೆ ಇರಲಿಲ್ಲ, ಪರದೆ ಚೆನ್ನಾಗಿತ್ತು. ಶ್ರವಣ ಪರೀಕ್ಷೆ ಮಾಡಿಸಿ ಅಂದಿದ್ದರು, ಇವನು ಮಾಡಿಸಿರಲಿಲ್ಲ. ಸಿಗರೇಟು ಸೇದ್ತೀರಾ ಅಂತ ಅವರು ಕೇಳಿದಾಗ ಇಲ್ಲ ಅಂದಿದ್ದ. ಅದು ಸುಳ್ಳಲ್ಲ. ಎರಡು ವರ್ಷದಿಂದ ಅವನು ಸೇದುತ್ತಿದ್ದದ್ದು ವೇಪ್, ಅಂದರೆ ಇ-ಸಿಗರೇಟು!

ಯಾಕೆ ಹೇಳಲಿಲ್ಲ ಅಂದೆ. "ಬ್ಯಾನ್ ಆಗಿದೆಯಲ್ಲ ಸರ್, ಬರೆದುಕೊಂಡು ಬಿಟ್ರೆ?"

ಈ ಭಯ ಅವನೊಬ್ಬನದಲ್ಲ, ತುಂಬ ಹುಡುಗರಿಗಿದೆ. ಕರ್ನಾಟಕದಲ್ಲಿ 2016ರಲ್ಲೇ ಇ-ಸಿಗರೇಟು ನಿಷೇಧವಾಯಿತು, 2019ರಲ್ಲಿ ದೇಶಕ್ಕೆಲ್ಲ ಕಾಯ್ದೆ ಬಂತು. ತಯಾರಿಕೆ, ಆಮದು, ಮಾರಾಟ, ಸಾಗಣೆ, ದಾಸ್ತಾನು, ಜಾಹೀರಾತು ಎಲ್ಲಕ್ಕೂ ನಿಷೇಧ. ಆದರೆ ಡಾಕ್ಟರ ಮುಂದೆ ಹೇಳಿಕೊಂಡಿದ್ದಕ್ಕೆ ಪೊಲೀಸರು ಬರುವುದಿಲ್ಲ ಮಾರಾಯ, ಅದನ್ನು ಮುಚ್ಚಿಟ್ಟರೆ ಅರ್ಧ ಕಾಯಿಲೆಯನ್ನೇ ಮುಚ್ಚಿಟ್ಟ ಹಾಗೆ ಅಂತ ಹೇಳಿದೆ. ಕಳ್ಳದಾರಿಯಲ್ಲಿ ಬರುವ ಮಾಲಿನಲ್ಲಿ ಇನ್ನೊಂದು ತೊಂದರೆ ಇದೆ. ಒಳಗೆ ಏನಿದೆ ಅಂತ ಯಾರೂ ಜವಾಬ್ದಾರಿ ಹೊರುವುದಿಲ್ಲ. ಅವನ ಡಬ್ಬಿಯ ಮೇಲೆ 5% ಅಂತಿತ್ತು, ಅಂದರೆ ಒಂದು ಮಿಲಿಲೀಟರಿಗೆ ಸುಮಾರು 50 ಮಿಲಿಗ್ರಾಂ ನಿಕೋಟಿನ್. ಲೇಬಲ್ ನಿಜವೋ ಸುಳ್ಳೋ, ಅದು ಬೇರೆ ಮಾತು. ಒಂದು ಸಿಗರೇಟಿನಿಂದ ಮೈಗೆ ಸೇರುವುದು ಒಂದೆರಡು ಮಿಲಿಗ್ರಾಂ ಅಷ್ಟೇ. ಸಿಗರೇಟಾದರೆ ಮುಗಿಯುತ್ತದೆ, ಆರಿಸಿ ಎಸೆಯುತ್ತೀರಿ. ಇದು ಜೇಬಿನಲ್ಲೇ ಇರುತ್ತದೆ, ದಿಂಬಿನ ಪಕ್ಕದಲ್ಲೂ.

ಈಗ ಅವನ ಪ್ರಶ್ನೆ. ವೇಪಿಂದಲೇ ಕಿವಿ ಗುಂಯ್ ಅನ್ನೋದಾ?

ನಾನು ಡಾಕ್ಟರ್ ಅಲ್ಲ, ಆಪ್ತಸಲಹೆಗಾರ. ಓದಿ, ಕೇಳಿ ತಿಳಿದಿದ್ದನ್ನು ಅವನಿಗೆ ಹೀಗೆ ಹೇಳಿದೆ. ಅನುಮಾನ ಪಡಲು ಕಾರಣ ಇದೆ. ನಿಕೋಟಿನ್ ರಕ್ತನಾಳಗಳನ್ನು ಕಿರಿದು ಮಾಡುತ್ತದೆ, ಎದೆಬಡಿತ ಏರಿಸುತ್ತದೆ. ಒಳಗಿವಿಗೆ ರಕ್ತ ಹೋಗುವುದು ಒಂದೇ ಸಣ್ಣ ನಾಳದಿಂದ. ಮನೆಗೆ ಒಂದೇ ನಲ್ಲಿ ಇದ್ದ ಹಾಗೆ, ಅದರಲ್ಲಿ ನೀರು ಕಡಿಮೆಯಾದರೆ ಬೇರೆ ದಾರಿ ಇಲ್ಲ. ನಿಕೋಟಿನ್ ಹೋಗಿ ಕೂರುವ ಜಾಗಗಳು ಕಿವಿಯಲ್ಲೂ ಇವೆ, ಮಿದುಳಿನ ಶಬ್ದದ ದಾರಿಯಲ್ಲೂ ಇವೆ. ಸಿಗರೇಟು ಸೇದುವವರಲ್ಲಿ ಕಿವಿ ಮಂದವಾಗುವುದು, ಗುಂಯ್‌ಗುಡುವುದು ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್‌ನಿಂದ ಹಿಡಿದು ಸಾವಿರಾರು ವಸ್ತುಗಳಿರುತ್ತವೆ, ಎಲ್ಲ ತಪ್ಪನ್ನೂ ನಿಕೋಟಿನ್ ತಲೆಗೆ ಕಟ್ಟಲು ಬರುವುದಿಲ್ಲ. ಬರೀ ವೇಪ್ ಬಗ್ಗೆ ಅಂತ ಆಗಿರುವ ಕೆಲಸ ಕಡಿಮೆ. ಹಾಗಾಗಿ 'ಆಗಬಹುದು' ಅನ್ನಬಹುದು. 'ನಿನ್ನ ಕಿವಿಗೆ ಆಗಿದ್ದು ಅದರಿಂದಲೇ' ಅನ್ನಲಾಗದು.

ಅವನಿಗೆ ಇದು ರುಚಿಸಲಿಲ್ಲ. "ನಾನೇ ಪರೀಕ್ಷೆ ಮಾಡಿದೀನಿ ಸರ್. ಎರಡು ದಿನ ಬಿಟ್ಟಿದ್ದೆ, ಶಬ್ದ ಜಾಸ್ತಿ ಆಯ್ತು. ಮತ್ತೆ ಎರಡು ದಮ್ ಎಳೆದೆ, ಕಡಿಮೆ ಆಯ್ತು. ಅಂದ್ರೆ ವೇಪ್ ಶಬ್ದ ತಡೀತಾ ಇದೆ, ಅಲ್ವಾ?"

ನೋಡಿ, ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ.

ನಿಕೋಟಿನ್ ಮೈಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಸುಮಾರು ಎರಡು ಗಂಟೆಗೆ ಅರ್ಧ ಇಳಿದುಹೋಗುತ್ತದೆ. ಇಳಿದಾಗ ಚಡಪಡಿಕೆ, ಸಿಡುಕು, ನಿದ್ದೆ ಬಾರದಿರುವುದು. ಬಿಟ್ಟ ಮೊದಲ ಎರಡು ಮೂರು ದಿನ ಇದು ಜೋರು, ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಮೆಲ್ಲಗೆ ಇಳಿಯುತ್ತದೆ. ಚಡಪಡಿಕೆ ಇದ್ದಾಗ ಕಿವಿಯ ಶಬ್ದವೂ ಜೋರಾಗಿ ಕೇಳುತ್ತದೆ. ಯಾಕೆಂದರೆ ಹೆದರಿದ ಮನಸ್ಸು ಎಲ್ಲ ಬಿಟ್ಟು ಅದನ್ನೇ ಆಲಿಸುತ್ತಿರುತ್ತದೆ. ಅವನು ಬಿಟ್ಟಿದ್ದು ಸರಿಯಾಗಿ ಅತಿ ಕೆಟ್ಟ ಎರಡು ದಿನ, ಹಿಡಿದಿದ್ದು ಮೂರನೇ ದಿನ. ಎರಡು ದಮ್‌ನಲ್ಲಿ ಇಳಿದದ್ದು ಚಡಪಡಿಕೆ. ಶಬ್ದ ಇಳಿಯಿತು ಅಂತ ಅವನು ಓದಿಕೊಂಡ. ಹೀಗೆ ಬೆಳಿಗ್ಗೆ ಪಾಳಿ ಮುಗಿಸಿ ಪಿಜಿಗೆ ಬಂದು, ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಪರದೆ ಎಳೆದು ಮಲಗಿ, ಆ ನಿಶ್ಶಬ್ದದಲ್ಲಿ ಜೀರುಂಡೆ ಕೇಳಿಸಿ, ಹೆದರಿ, ದಮ್ ಎಳೆದು, ಅದೇ ನಿಕೋಟಿನ್ನಿಂದ ಇನ್ನೊಂದು ಗಂಟೆ ನಿದ್ದೆ ಬಾರದೆ, ಮಧ್ಯಾಹ್ನ ಕಣ್ಣು ಉರಿಯುತ್ತ ಎದ್ದು, ಶಬ್ದ ಇನ್ನೂ ಇದೆಯಾ ಅಂತ ಮೊದಲು ಕಿವಿ ಕೊಟ್ಟು ನೋಡುವುದು ಅವನ ದಿನಚರಿಯಾಗಿತ್ತು.

ಮೊದಲ ಸಲಹೆ ಸುಲಭದ್ದು: ಬಾಕಿ ಇರುವ ಶ್ರವಣ ಪರೀಕ್ಷೆ ಮಾಡಿಸು, ಈ ಸಲ ಡಾಕ್ಟರಿಗೆ ವೇಪ್ ವಿಷಯ ಹೇಳು. ಮಾಡಿಸಿದ. 4000 ಹರ್ಟ್ಸ್ ಹತ್ತಿರ, ಅಂದರೆ ಕೀರಲು ಸ್ವರದ ಕಡೆ, ಎರಡೂ ಕಿವಿಯ ಕೇಳುವ ಶಕ್ತಿಯಲ್ಲಿ ಸಣ್ಣ ತಗ್ಗು. ಜೋರು ಸದ್ದಿಗೆ ಬಿದ್ದ ಕಿವಿಯಲ್ಲಿ ಹೀಗೆ ಕಾಣುವುದು ಸಾಮಾನ್ಯ ಅಂದರಂತೆ. ಹೆಡ್‌ಸೆಟ್ ಜೊತೆ, ಬೈಕಿನಲ್ಲಿ ಹೋಗುವಾಗಲೂ ಹೆಲ್ಮೆಟ್ ಒಳಗೆ ಇಯರ್‌ಬಡ್ ಹಾಕಿ ಪೂರ್ತಿ ಜೋರಾಗಿ ಹಾಡು ಕೇಳುವವನು ಅವನು. ಅದನ್ನು ನನಗೂ ಹೇಳಿರಲಿಲ್ಲ!

ಇದನ್ನು ಓದುವವರಿಗೆ ಇಲ್ಲೇ ಒಂದು ಮಾತು. ಶಬ್ದ ಒಂದೇ ಕಿವಿಯಲ್ಲಿದ್ದರೆ, ನಾಡಿ ಬಡಿದ ಹಾಗೆ ಡಬ್ ಡಬ್ ಅಂದರೆ, ಜೊತೆಗೆ ತಲೆ ಸುತ್ತಿದರೆ, ನನ್ನಂಥವರ ಹತ್ತಿರ ಬಂದು ಕೂರಬೇಡಿ, ಇಎನ್‌ಟಿ ಹತ್ತಿರ ಹೋಗಿ. ಇದ್ದಕ್ಕಿದ್ದ ಹಾಗೆ ಕಿವಿ ಕೇಳದಂತಾದರೆ ಅದೇ ದಿನ ಹೋಗಿ. ಅದಕ್ಕೆ ಔಷಧಿ ಚೆನ್ನಾಗಿ ಕೆಲಸ ಮಾಡುವುದು ಮೊದಲ ದಿನಗಳಲ್ಲೇ.

ಎರಡನೆಯದು ಡೈರಿ. ಎಷ್ಟು ಗಂಟೆ ನಿದ್ದೆ, ಎಷ್ಟು ಸಲ ವೇಪ್ ತೆಗೆದೆ, ಶಬ್ದ ಎಷ್ಟು ಜೋರು, ಅದು ಎಷ್ಟು ಕಾಡಿತು. ಕೊನೆಯ ಎರಡಕ್ಕೂ ಹತ್ತರಲ್ಲಿ ಅಂಕ. ಜೋರು ಬೇರೆ, ಕಾಟ ಬೇರೆ ಅಂತ ಅವನಿಗೆ ಅರ್ಥವಾಗಲು ಒಂದು ವಾರ ಬೇಕಾಯಿತು. ಮೂರು ವಾರದ ಲೆಕ್ಕದಲ್ಲಿ ಕಂಡದ್ದು: ಐದು ಗಂಟೆಗಿಂತ ಕಡಿಮೆ ಮಲಗಿದ ಮಾರನೇ ದಿನ ಕಾಟ ಏಳೆಂಟು. ಜೋರು ಮಾತ್ರ ಎಲ್ಲ ದಿನವೂ ಐದರ ಆಸುಪಾಸು. ನಿದ್ದೆಗೆಟ್ಟ ದಿನಗಳಲ್ಲೇ ವೇಪ್ ಕೂಡ ಜಾಸ್ತಿ, ಯಾವುದು ಬೀಜ ಯಾವುದು ಮರ ಅಂತ ಬಿಡಿಸಲು ಆಗಲಿಲ್ಲ. ಬಿಡಿಸಲೇಬೇಕು ಅಂತಲೂ ನನಗೆ ಅನ್ನಿಸಲಿಲ್ಲ.

ಬಿಡುವ ದಿನವನ್ನು ಅವನೇ ಗೊತ್ತು ಮಾಡಿದ, ಮೂರು ದಿನ ರಜೆ ಇರುವ ಹಾಗೆ. ಡಾಕ್ಟರ್ 2 ಮಿಲಿಗ್ರಾಂ ನಿಕೋಟಿನ್ ಗಮ್ ಹೇಳಿದರು. "ಅದರಲ್ಲೂ ನಿಕೋಟಿನ್ನೇ ಅಲ್ವಾ?" ಹೌದು. ಆದರೆ ಅದು ಒಂದೇ ಸಲ ತಲೆಗೇರುವುದಿಲ್ಲ, ನಿಧಾನ. ಅಳತೆ ಗೊತ್ತಿರುತ್ತದೆ, ದಿನ ಕಳೆದ ಹಾಗೆ ಇಳಿಸಬಹುದು. ಅದರಿಂದ ಶಬ್ದ ಏರಿದರೆ ಅದನ್ನೂ ಬರೆದಿಡು, ಡಾಕ್ಟರಿಗೆ ತೋರಿಸು ಅಂದೆ. ಚೂಯಿಂಗ್ ಗಮ್ ಥರ ಜಗಿಯುತ್ತಲೇ ಇರಬಾರದು, ನಾಲ್ಕು ಸಲ ಕಚ್ಚಿ, ಚುರುಚುರು ಅಂದ ಮೇಲೆ ದವಡೆಯಲ್ಲಿ ಒತ್ತಿಟ್ಟುಕೊಳ್ಳಬೇಕು. "ಓ, ಅಪ್ಪಯ್ಯ ಎಲೆಅಡಿಕೆ ಕವಳ ಇಟ್ಕೊಂಡ ಹಾಗೆ" ಅಂದು ನಕ್ಕ. ಅವನು ನಕ್ಕಿದ್ದು ಅವತ್ತೇ ಮೊದಲು. 1800-11-2356 ಸಹಾಯವಾಣಿ ನಂಬರನ್ನೂ ಕೊಟ್ಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮಲಗುವಾಗ ಪೂರ್ತಿ ನಿಶ್ಶಬ್ದ ಬೇಡ, ಟೇಬಲ್ ಫ್ಯಾನ್ ಗೋಡೆ ಕಡೆ ತಿರುಗಿಸಿಡು, ಶಬ್ದ ಮುಚ್ಚಿಹೋಗುವಷ್ಟು ಅಲ್ಲ, ಅದರ ಜೊತೆ ಇನ್ನೊಂದು ಕೇಳಿಸುವಷ್ಟು. 1953ರಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಅನ್ನುವವರು ಕಿವಿ ಚೆನ್ನಾಗಿರುವ 80 ಜನರನ್ನು ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿದಾಗ ನೂರಕ್ಕೆ 94 ಮಂದಿಗೆ ಏನೋ ಒಂದು ಶಬ್ದ ಕೇಳಿಸಿತ್ತು. ಇದನ್ನು ಹೇಳಿದಾಗ ಅವನ ಮುಖದ ಬಿಗಿ ಅರ್ಧ ಇಳಿಯಿತು. ನಾನು ಹೇಳಿದ್ದರಲ್ಲೆಲ್ಲ ಅವನಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಇರಬೇಕು. 'ಇದು ಜನ್ಮಪೂರ್ತಿ ಹೀಗೇ' ಅನ್ನುವ ಯೋಚನೆ ಬಂದಾಗ ಅದನ್ನು ಬರೆದು, ಪಕ್ಕದಲ್ಲಿ 'ಈ ಗಂಟೆ ಏನು ಮಾಡ್ತೀನಿ' ಅಂತ ಬರೆಯುವುದನ್ನು ನಾಲ್ಕು ಭೇಟಿಯಲ್ಲಿ ಅಭ್ಯಾಸ ಮಾಡಿದೆವು.

ಒಂದು ಸಲ ಜಾರಿದ. ರೂಮ್‌ಮೇಟ್ ಹುಟ್ಟುಹಬ್ಬ, ಯಾರದ್ದೋ ವೇಪ್, ಮೂರು ದಮ್. ಎಲ್ಲ ಹಾಳಾಯ್ತು ಅಂತ ಬಂದ. ಮೂರು ದಮ್ ಅಂದರೆ ಮೂರೇ ದಮ್ ಅಂತ ಹೇಳಿ ಕಳಿಸಿದೆ. ಬೈಯುವುದರಿಂದ ಯಾರೂ ಬಿಟ್ಟಿದ್ದು ನಾನು ನೋಡಿಲ್ಲ.

ಈಗ ನಾಲ್ಕು ತಿಂಗಳು. ವೇಪ್ ಇಲ್ಲ, ಗಮ್ ಕೂಡ ನಿಂತಿದೆ. ಬೈಕಿನಲ್ಲಿ ಹಾಡು ಇಲ್ಲ. ಶಬ್ದ ನಿಂತಿಲ್ಲ. ಜೋರು ಐದರಿಂದ ನಾಲ್ಕಕ್ಕೆ ಬಂದಿದೆ, ಕಾಟ ಏಳರಿಂದ ಎರಡಕ್ಕೆ. ವೇಪ್ ಬಿಟ್ಟದ್ದರಿಂದಲಾ, ನಿದ್ದೆಯಿಂದಲಾ, ಕಿವಿಗೆ ಬಿಡುವು ಸಿಕ್ಕಿದ್ದರಿಂದಲಾ ಅಂತ ಅವನು ಈಗ ಕೇಳುವುದಿಲ್ಲ.

ಹೋದ ಸಲ ಬಂದಾಗ ಬೇರೆಯೇ ಕೇಳಿದ. ಅವರ ಅಪ್ಪಯ್ಯನಿಗೂ ಕಿವಿ ಗುಂಯ್ ಅನ್ನುತ್ತದಂತೆ, ಮೂವತ್ತು ವರ್ಷದಿಂದ ಕವಳದ ಜೊತೆ ಹೊಗೆಸೊಪ್ಪು. ಅದರಲ್ಲೂ ನಿಕೋಟಿನ್ ಇದೆ ಅಂತ ಇವನೇ ಮನೆಯಲ್ಲಿ ಭಾಷಣ ಮಾಡಿ ಬಂದಿದ್ದಾನೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬಹುದು ಅಂದೆ. ಅಪ್ಪಯ್ಯ ಕೊಯ್ಲು ಮುಗೀಲಿ ನೋಡೋಣ ಅಂದಿದ್ದಾರಂತೆ.