ಗಡಿಭಾಗದ ಆರೋಗ್ಯ ಕೇಂದ್ರದಲ್ಲಿದ್ದುಕೊಂಡೇ ಸಕ್ಕರೆ ಕಾಯಿಲೆ ಮತ್ತು ಸೋಂಕುಗಳ ಬಗ್ಗೆ ಸಂಶೋಧನೆ ಮಾಡಬಹುದಾ?

ನೀವು ಕೇರಳದ ಮಂಜೇಶ್ವರ ಕಡೆಯ ಕುಟುಂಬ ಆರೋಗ್ಯ ಕೇಂದ್ರದ ಡಾಕ್ಟರ್. ಮೊದಲು ಸ್ಟ್ಯಾಟಿಸ್ಟಿಕ್ಸ್ ಕೋರ್ಸ್ ಮಾಡಲಾ, ಇಲ್ಲಾ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಲಾ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಎರಡು ವರ್ಷ ಕಳೆದವಳು.

ಪೆರ್ಲದ ಹತ್ತಿರ ಒಂದು ಮನೆ. ಜಗಲಿಯಲ್ಲಿ ಐವತ್ತು ದಾಟಿದ ಅಕ್ಕ ಒಬ್ಬರು ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ. ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ಹೊತ್ತಾಗುತ್ತಿತ್ತು, ಕೈ ನಿಲ್ಲಿಸದೆಯೇ ಉತ್ತರ ಹೇಳುತ್ತಿದ್ದರು. ಸಕ್ಕರೆ ಕಾಯಿಲೆ ಇರುವವರಲ್ಲಿ ಟಿಬಿ ಹುಡುಕುವುದು ನಮ್ಮ ಕೆಲಸ. ಸಕ್ಕರೆ ಇದ್ದವರಿಗೆ ಟಿಬಿ ಬರುವ ಸಾಧ್ಯತೆ 2-3 ಪಟ್ಟು ಜಾಸ್ತಿ, ಅದು ನಿಮಗೂ ಗೊತ್ತು. ಕೇಳಬೇಕಾದದ್ದು ನಾಲ್ಕೇ: 2 ವಾರ ದಾಟಿದ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು.

ಫಾರ್ಮ್ ಮಲಯಾಳದಲ್ಲಿತ್ತು. ‘ಚುಮ’ ಅಂತ ಒಂದೇ ಪದ, ಅಂದರೆ ಕೆಮ್ಮು. ನಾನು ಅಲ್ಲೇ ನಿಂತು ಕನ್ನಡ ಮಾಡಿಕೊಂಡು ಕೇಳಿದೆ, “ಅಕ್ಕ, ನಿಮಗೆ ಕೆಮ್ಮಿನ ಕಾಯಿಲೆ ಏನಾದ್ರೂ ಉಂಟಾ?”

“ಇಲ್ಲ ಡಾಕ್ಟ್ರೇ.”

‘ಇಲ್ಲ’ ಅಂತ ಟಿಕ್ ಹಾಕಿದೆ. ಮಾತಾಡುವಾಗ ಅವರು ಎರಡು ಸಲ ಸೆರಗು ಬಾಯಿಗೆ ಒತ್ತಿ ಕೆಮ್ಮಿದ್ದರು. ನಾನು ಕೇಳಿಸಿಕೊಂಡಿದ್ದೆ, ಆದರೂ ಟಿಕ್ ಬದಲಿಸಲಿಲ್ಲ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವ ಸಾಧ್ಯತೆ ಜಾಸ್ತಿ. ಫಾರ್ಮಿನಲ್ಲಿ ‘ಕಾಯಿಲೆ’ ಅನ್ನುವ ಪದ ಇರಲಿಲ್ಲ. ಅದನ್ನು ಸೇರಿಸಿದ್ದು ನಾನು. ಕನ್ನಡದಲ್ಲಿ ಕೇಳುವಾಗ ಹಾಗೆ ಹೇಳಿದರೆ ಮರ್ಯಾದೆಯಾಗಿ ಕೇಳಿಸುತ್ತದೆ ಅಂತ ನನ್ನ ಎಣಿಕೆ. ಆದರೆ ಬೀಡಿ ಕಟ್ಟುವವರಿಗೆ ಕೆಮ್ಮು ಕಾಯಿಲೆ ಅಲ್ಲ, ಹೊಗೆಸೊಪ್ಪಿನ ಪುಡಿಯಿಂದ ದಿನಾ ಬರುವಂಥದ್ದು. ಅವರು ಸುಳ್ಳು ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟರು. ರವಿಕೆ ಸಡಿಲವಾಗಿದೆ ಅಂತಲೂ ಅಂದರು. ಅದನ್ನು ನಾನು ಸಕ್ಕರೆಯ ಲೆಕ್ಕಕ್ಕೆ ಹಾಕಿದೆ. ಖಾಲಿ ಹೊಟ್ಟೆಯ ಸಕ್ಕರೆ 230 ಇತ್ತು, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯ ಡೋಸ್ ಏರಿಸಿ ಬಂದೆ. ಟಿಬಿ ಇದ್ದರೆ ಸಕ್ಕರೆ ತಾನಾಗಿ ಏರಬಹುದು ಅನ್ನುವುದು ಪಾಠದಲ್ಲಿ ಓದಿದ ವಿಷಯವೇ. ಅಲ್ಲಿ ನೆನಪಿಗೆ ಬರಲಿಲ್ಲ.

ಮೂರು ತಿಂಗಳ ಮೇಲೆ ಕಫದಲ್ಲಿ ರಕ್ತ ಕಂಡು ಅವರೇ ಬಂದರು. ಕಫದಲ್ಲಿ ಟಿಬಿ ರೋಗಾಣು ಹುಡುಕುವ ಸಿಬಿನ್ಯಾಟ್ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು. ಅಷ್ಟು ದಿನವೂ ನಾಲ್ಕು ವರ್ಷದ ಮೊಮ್ಮಗಳು ಅವರ ಪಕ್ಕದಲ್ಲೇ ಮಲಗುತ್ತಿದ್ದಳು. ಅವಳಿಗೂ ತಡೆಗಟ್ಟುವ ಮಾತ್ರೆ ಶುರು ಮಾಡಿದೆವು. ಅಕ್ಕನಿಗೆ ಟಿಬಿ ಔಷಧ ರಿಫಾಂಪಿಸಿನ್ ಕೊಟ್ಟ ಮೇಲೆ ಗ್ಲಿಮೆಪಿರೈಡ್ ಸರಿಯಾಗಿ ಹಿಡಿಯಲಿಲ್ಲ. ಈ ಔಷಧ ಆ ಮಾತ್ರೆಯನ್ನು ದೇಹ ಬೇಗ ಕರಗಿಸಿ ಹೊರಹಾಕುವಂತೆ ಮಾಡುತ್ತದೆ. ಇನ್ಸುಲಿನ್‌ಗೆ ಹೋಗಬೇಕಾಯಿತು.

ಆಮೇಲೆ ಐದು ತಿಂಗಳ ಫಾರ್ಮ್‌ಗಳನ್ನು ತೆಗೆದು ನೋಡಿದೆ. ಎಲ್ಲರಿಗೂ ನಾನು ಕೇಳಿದ್ದು ಅದೇ ವಾಕ್ಯ. ಕೆಮ್ಮಿನ ಕಾಲಂ ಪೂರ್ತಿ ಬಿಟ್ಟುಬಿಟ್ಟೆ, ಪ್ರತಿ ಮನೆಗೂ ಮತ್ತೆ ಹೋದೆ. ಈ ಸಲ ನಮ್ಮ ಆಶಾ ಕಾರ್ಯಕರ್ತೆ ಪ್ರಶ್ನೆ ತಿದ್ದಿಕೊಟ್ಟರು: “ಪುಡಿಯ ಕೆಮ್ಮಾದ್ರೂ ಸರಿ, ಕೆಮ್ಮು ಉಂಟಾ? ಯಾವ ಹಬ್ಬದಿಂದ?” ತುಳು ಮನೆಗಳಲ್ಲಿ ‘ತೆಮ್ಮ’ ಅಂತ, ಹವ್ಯಕರ ಮನೆಗಳಲ್ಲಿ ‘ಸೆಮ್ಮ’ ಅಂತ ಅವರೇ ಕೇಳಿದರು. ಮೊದಲ ವಾರದಲ್ಲೇ ‘ಹೌದು’ಗಳು ಬರತೊಡಗಿದವು.

ಹಾಗಾಗಿ ದೊಡ್ಡ ಆಸ್ಪತ್ರೆ ಬೇಡ ಅನ್ನುತ್ತೇನೆ. ತನಗೆ ಕಾಯಿಲೆ ಇಲ್ಲ ಅಂದುಕೊಂಡ ಆ ಅಕ್ಕ ಅಲ್ಲಿಗೆ ಬರುವುದೇ ಇಲ್ಲ. ಸ್ಟ್ಯಾಟಿಸ್ಟಿಕ್ಸ್ ಗೊತ್ತಿರುವವರು ಯಾವ ಮೆಡಿಕಲ್ ಕಾಲೇಜಿನಲ್ಲೂ ಸಿಗುತ್ತಾರೆ, ಅದನ್ನು ಆಮೇಲೆ ನೋಡಿಕೊಳ್ಳಬಹುದು. ‘ಸೋಂಕುಗಳು’ ಅಂತ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮೆಲಿಯಾಯ್ಡೋಸಿಸ್ ಅನ್ನುವ ಬ್ಯಾಕ್ಟೀರಿಯಾ ಸೋಂಕು ಬರುತ್ತದೆ, ಅದೂ ಮಣ್ಣು-ನೀರಿನ ಕೆಲಸ ಮಾಡುವ ಸಕ್ಕರೆ ರೋಗಿಗಳಿಗೇ ಜಾಸ್ತಿ. ಎಷ್ಟೋ ಸಲ ಟಿಬಿ ಅಂತಲೇ ಕಾಣುತ್ತದೆ. ಅದಕ್ಕೆ ಕಲ್ಚರ್, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆ, ಮಾಡುವ ಒಳ್ಳೆಯ ಲ್ಯಾಬ್ ಬೇಕು, ನಿಮ್ಮಲ್ಲಿ ಆಗದು. ಸಂಶಯ ಬಂದರೆ ಕಳಿಸಿ, ಅಷ್ಟೇ. ಟಿಬಿ ಒಂದನ್ನೇ ಹಿಡಿಯಿರಿ. 2017ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಟಿಬಿ ಇದ್ದವರಿಗೆ ಸಕ್ಕರೆ, ಸಕ್ಕರೆ ಇದ್ದವರಿಗೆ ಟಿಬಿ ನೋಡಿ ಅನ್ನುತ್ತಿದೆ. ಅಂದ ಮೇಲೆ ರಿಜಿಸ್ಟರ್ ನಿಮ್ಮ ಮೇಜಿನ ಮೇಲೇ ಇರುತ್ತದೆ, ಅಲ್ವಾ?

ಒಪ್ಪಿಗೆ ಪತ್ರ ಮಾತ್ರ ಕನ್ನಡದಲ್ಲಿ ಮಾಡಿಸದೆ ಮನೆ ಹತ್ತಬೇಡಿ. ಪ್ರಶ್ನೆಪಟ್ಟಿ ಬರೆದಾದ ಮೇಲೆ ಇಲ್ಲೇ ಹಾಕಿ, ಪದ ಪದ ನೋಡಿಕೊಡುತ್ತೇನೆ.