ಬುದ್ಧಿವಂತ ಮಕ್ಕಳು ತಾವಾಗಿಯೇ ಮೇಲೆ ಬರಲ್ವಾ? ಬಾಲ್ಟಿಮೋರ್ ಪಕ್ಕದಿಂದ ಒಂದು ಉತ್ತರ

ನಿಮ್ಮ ಪ್ರಶ್ನೆ ಇದು: "ಅಮೆರಿಕದಲ್ಲಿ ಕಪ್ಪು ಮತ್ತು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ವಿದ್ಯಾರ್ಥಿಗಳಿಗೆ ಅಂತಲೇ ವಿಶೇಷ ಸ್ಕಾಲರ್‌ಶಿಪ್, ನಾಯಕತ್ವದ ತರಬೇತಿ ಎಲ್ಲಾ ಇದೆ ಅಂತ ಅಲ್ಲಿರುವ ನನ್ನ ಅಣ್ಣ ಹೇಳುತ್ತಾನೆ. ನಿಜವಾಗಿ ಬುದ್ಧಿವಂತರಾದರೆ ತಾವೇ ಮೇಲೆ ಬರಲ್ವಾ? ಇಷ್ಟೆಲ್ಲ ಮಾಡಿ ಏನಾದರೂ ಉಪಯೋಗ ಆಗಿದೆಯಾ?"

ಉಪಯೋಗ ಆಗಿದೆ, ತುಂಬಾ ಆಗಿದೆ. ಆದರೆ "ತಾವೇ ಮೇಲೆ ಬರಲ್ವಾ" ಅನ್ನುವುದಕ್ಕೆ ಸ್ವಲ್ಪ ಉದ್ದ ಹೇಳಬೇಕಾಗುತ್ತದೆ. ನಾನು ಹದಿಮೂರು ವರ್ಷದಿಂದ ಮೇರಿಲ್ಯಾಂಡ್ ರಾಜ್ಯದಲ್ಲಿ, ಬಾಲ್ಟಿಮೋರ್ ಪಕ್ಕದಲ್ಲಿ ಇದ್ದೇನೆ. ಸಾಫ್ಟ್‌ವೇರ್ ಕೆಲಸ. ಶನಿವಾರ ಬೆಳಿಗ್ಗೆ ಒಂದು ಲೈಬ್ರರಿಯಲ್ಲಿ ಶಾಲೆ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬರುವವರಲ್ಲಿ ಜಾಸ್ತಿ ಕಪ್ಪು ಮಕ್ಕಳೇ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಅದಿಲ್ಲದೆ ಮುಂದಿನದು ನನಗೆ ಯಾಕೆ ಇಷ್ಟು ಮನಸ್ಸಿಗೆ ಹತ್ತಿದೆ ಅಂತ ಗೊತ್ತಾಗಲ್ಲ. ನನ್ನೂರು ಲಿಂಗಸೂಗೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ಸರ್ಕಾರಿ ಹಾಸ್ಟೆಲ್‌ನಲ್ಲಿ ಇದ್ದು ಓದಿದೆ. ಪಿಯುಸಿಯಲ್ಲಿ ಗಣಿತಕ್ಕೆ 97 ಬಂತು. ಸಿಇಟಿಯಲ್ಲಿ ಸೀಟು ಸಿಕ್ಕಿ ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜು ಸೇರಿದೆ. ಫೀಸು ಸರ್ಕಾರದ್ದು. ಊರಲ್ಲಿ ಎಲ್ಲರೂ "ಈ ಹುಡುಗಿ ಇನ್ನು ದಡ ಸೇರಿದಳು" ಅಂದರು.

ಮೊದಲ ಸೆಮಿಸ್ಟರಿನಲ್ಲಿ ಗಣಿತದಲ್ಲೇ ಫೇಲಾದೆ.

ಓದಲಿಲ್ಲ ಅಂತ ಅಲ್ಲ. ರಾತ್ರಿ ಒಂದು ಗಂಟೆವರೆಗೂ ಒಬ್ಬಳೇ ಕೂತು ಓದುತ್ತಿದ್ದೆ. ಡೌಟು ಕೇಳೋಣ ಅಂದರೆ ಇಂಗ್ಲಿಷ್ ತಪ್ಪುತ್ತದೆ ಅನ್ನುವ ಭಯ. ಒಮ್ಮೆ ಧೈರ್ಯ ಮಾಡಿ ಕೇಳಿದಾಗ ಒಬ್ಬ ಲೆಕ್ಚರರ್ "ನಿಮ್ಮ ಕಡೆಯವರಿಗೆ ಇದು ಸ್ವಲ್ಪ ಕಷ್ಟಾನೇ ಬಿಡಮ್ಮ" ಅಂದರು. ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ಎರಡನೇ ಸೆಮಿಸ್ಟರಿನಲ್ಲಿ ಹಾಸ್ಟೆಲ್‌ನ ಸೀನಿಯರ್ ಅಕ್ಕ ಒಬ್ಬರು ನನ್ನಂಥ ನಾಲ್ವರನ್ನು ಹಿಡಿದು ತಂದು, ಊಟ ಮುಗಿದ ಮೇಲೆ ಮೆಸ್ಸಿನ ಟೇಬಲ್ ಒರೆಸಿ, ಕಂಬೈನ್ಡ್ ಸ್ಟಡಿಗೆ ಕೂರಿಸಿದರು. ಮೊದಲ ದಿನವೇ ಒಂದು ವಿಷಯ ಗೊತ್ತಾಯಿತು. ನನಗೆ ಬರದೇ ಇದ್ದ ಲೆಕ್ಕ ಉಳಿದ ಮೂವರಿಗೂ ಬರುತ್ತಿರಲಿಲ್ಲ. ಆರು ತಿಂಗಳು ನಾನು ನನ್ನ ತಲೆಯೇ ಸರಿಯಿಲ್ಲ ಅಂದುಕೊಂಡಿದ್ದೆ. ಅವರೂ ತಮ್ಮ ತಮ್ಮ ರೂಮಿನಲ್ಲಿ ಅದನ್ನೇ ಅಂದುಕೊಂಡಿದ್ದರು.

ಈಗ ಅಮೆರಿಕಕ್ಕೆ ಬರುತ್ತೇನೆ. ಯೂರಿ ಟ್ರೈಸ್‌ಮನ್ ಅಂತ ಒಬ್ಬ ಗಣಿತದ ಮೇಷ್ಟ್ರು. 1970ರ ದಶಕದಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇನ್ನೂ ಸಂಶೋಧನಾ ವಿದ್ಯಾರ್ಥಿ. ಅಲ್ಲಿ ಮೊದಲ ಕ್ಯಾಲ್ಕುಲಸ್ ಕೋರ್ಸಿನಲ್ಲಿ ಕಪ್ಪು ವಿದ್ಯಾರ್ಥಿಗಳ ಪೈಕಿ 100ಕ್ಕೆ ಸುಮಾರು 60 ಮಂದಿಗೆ ಡಿ ಅಥವಾ ಎಫ್ ಗ್ರೇಡ್, ಅಂದರೆ ತೀರಾ ಕಡಿಮೆ ಅಂಕ ಇಲ್ಲವೇ ಫೇಲು, ಬರುತ್ತಿತ್ತು. ಯಾಕೆ ಅಂತ ಅಧ್ಯಾಪಕರನ್ನು ಕೇಳಿದರೆ, ಆಸಕ್ತಿ ಕಡಿಮೆ, ಅಡಿಪಾಯ ಸರಿಯಿಲ್ಲ, ಮನೆಯಲ್ಲಿ ಬೆಂಬಲವಿಲ್ಲ, ಬಡತನ, ಹೀಗೆ ಉತ್ತರ ಬಂತು. ನಮ್ಮ ಕಡೆಯೂ ಕೇಳುವ ಮಾತುಗಳೇ ಅಲ್ವಾ?

ಟ್ರೈಸ್‌ಮನ್ ಅದನ್ನು ಸುಮ್ನೆ ಒಪ್ಪಲಿಲ್ಲ. 20 ಕಪ್ಪು ವಿದ್ಯಾರ್ಥಿಗಳನ್ನೂ 20 ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಆರಿಸಿಕೊಂಡು, ಅವರು ಓದುವ ಕಡೆಗೇ ಹೋಗಿ ಹತ್ತಿರದಿಂದ ನೋಡಿದರು. ಅಧ್ಯಾಪಕರ ನಾಲ್ಕು ಕಾರಣಗಳೂ ನಿಲ್ಲಲಿಲ್ಲ. ಕಪ್ಪು ಮಕ್ಕಳ ತಂದೆ ತಾಯಿ ಮಕ್ಕಳನ್ನು ಕಾಲೇಜಿಗೆ ಕಳಿಸಬೇಕು ಅಂತ ಎಷ್ಟೋ ವರ್ಷದಿಂದ ಕಷ್ಟಪಟ್ಟವರು. ಮಕ್ಕಳು ತಮ್ಮ ಶಾಲೆಗಳಲ್ಲಿ ಮುಂದಿದ್ದವರು. ವಾರಕ್ಕೆ ಎಂಟು ಗಂಟೆ ಓದಿ ಅಂತ ಹೇಳಿದ್ದರೆ ಅಷ್ಟು ಓದುತ್ತಿದ್ದರು. ಆದರೆ 20ರಲ್ಲಿ 18 ಮಂದಿ ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ಮೂಲದವರು ಒಬ್ಬರೇ ಓದಿದ ಮೇಲೆ ಸಂಜೆ ಮತ್ತೆ ಸೇರುತ್ತಿದ್ದರು. ಒಬ್ಬರ ಉತ್ತರ ಒಬ್ಬರು ನೋಡುತ್ತಿದ್ದರು. ಯಾರಿಗೂ ಬರದ ಲೆಕ್ಕ ಸಿಕ್ಕರೆ "ಇದು ಕಷ್ಟದ ಲೆಕ್ಕ" ಅಂತ ಎಲ್ಲರಿಗೂ ಒಟ್ಟಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಓದುವವನಿಗೆ ಅದು ತಿಳಿಯಲ್ಲ. ಅವನು ತನ್ನನ್ನೇ ದಡ್ಡ ಅಂದುಕೊಳ್ಳುತ್ತಾನೆ. ಇದನ್ನು ಓದಿದ ದಿನ ನನಗೆ ಮೆಸ್ಸಿನ ಟೇಬಲ್ ನೆನಪಾಗಿ ಕಣ್ಣು ತುಂಬಿತು.

ಮುಂದೆ ಅವರು ಮಾಡಿದ್ದು ನನಗೆ ಇನ್ನೂ ಇಷ್ಟ. ಹಿಂದುಳಿದವರಿಗೆ ಸುಲಭದ ಪಾಠ ಅನ್ನುವ ಪದ್ಧತಿಯನ್ನೇ ಬಿಟ್ಟರು. ಇದು ಚೆನ್ನಾಗಿ ಓದುವವರ ತಂಡ ಅಂತ ಹೇಳಿ ಕರೆದರು. ಸಾಮಾನ್ಯ ತರಗತಿಗಿಂತ ಕಷ್ಟದ ಲೆಕ್ಕ ಕೊಟ್ಟು, ಗುಂಪಿನಲ್ಲಿ ಬಿಡಿಸಲು ಕೂರಿಸಿದರು. ಆ ತಂಡದ ಕಪ್ಪು ಮತ್ತು ಲ್ಯಾಟಿನೊ ವಿದ್ಯಾರ್ಥಿಗಳು ತರಗತಿಯ ಬಿಳಿಯರಿಗಿಂತ, ಏಷ್ಯನ್ನರಿಗಿಂತ ಚೆನ್ನಾಗಿ ಮಾಡಿದರು. ತಲೆ ಅದೇ, ಪುಸ್ತಕ ಅದೇ, ಪರೀಕ್ಷೆ ಅದೇ.

ನೀವು ಹೇಳುವ 'ತಾವೇ ಮೇಲೆ ಬರುವುದು' ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದಕ್ಕೆ ಇನ್ನೊಂದು ಚಿಕ್ಕ ಘಟನೆ. 'ಎ ಬೆಟರ್ ಚಾನ್ಸ್' ಅಂತ ಒಂದು ಸಂಸ್ಥೆ 1963ರಲ್ಲಿ ಶುರುವಾಯಿತು. ಬಡ ಬಡಾವಣೆಗಳ ಚುರುಕು ಮಕ್ಕಳನ್ನು ಹುಡುಕಿ ಒಳ್ಳೊಳ್ಳೆಯ ಖಾಸಗಿ ಶಾಲೆಗಳಿಗೆ ಸೇರಿಸುವ ಕೆಲಸ ಅದರದು. ಅದರ ಮೂಲಕ 1970ರಲ್ಲಿ ಶಿಕಾಗೋದ ದಕ್ಷಿಣ ಭಾಗದ ಡೆವಾಲ್ ಪ್ಯಾಟ್ರಿಕ್ ಅನ್ನುವ ಕಪ್ಪು ಹುಡುಗ ಮ್ಯಾಸಚೂಸೆಟ್ಸ್‌ನ ಮಿಲ್ಟನ್ ಅಕಾಡೆಮಿಗೆ ಬಂದ. ಹುಡುಗರು ಜಾಕೆಟ್ ಹಾಕಿಕೊಂಡು ತರಗತಿಗೆ ಬರಬೇಕು ಅಂತ ಶಾಲೆಯ ನಿಯಮ. ಅಜ್ಜ ಅಜ್ಜಿ ದುಡ್ಡು ಹೊಂದಿಸಿ ಹೊಸ ಜಾಕೆಟ್ ಕೊಡಿಸಿದ್ದರು. ಮೊದಲ ದಿನ ನೋಡಿದರೆ ಉಳಿದವರೆಲ್ಲ ಕೋಟು ಹಾಕಿದ್ದಾರೆ. ಇವನ ಮೈಮೇಲೆ ಗಾಳಿ ತಡೆಯಲು ಹಾಕುವ ತೆಳ್ಳಗಿನ ಜಾಕೆಟ್! ಅವನ ಬೀದಿಯಲ್ಲಿ ಜಾಕೆಟ್ ಅಂದರೆ ಅದೇ. ಆ ಹುಡುಗ ಮುಂದೆ 2007ರಿಂದ 2015ರವರೆಗೆ ಅದೇ ರಾಜ್ಯದ ಗವರ್ನರ್ (ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ) ಆಗಿದ್ದರು. ಸ್ಕಾಲರ್‌ಶಿಪ್ ಶಾಲೆಯ ಬಾಗಿಲವರೆಗೆ ಕರೆತರುತ್ತದೆ. ಒಳಗಿನ ಜನ ಯಾವ ಮಾತಿಗೆ ಏನು ಅರ್ಥ ಮಾಡುತ್ತಾರೆ ಅಂತ ಯಾರಾದರೂ ಪಕ್ಕದಲ್ಲಿದ್ದು ಹೇಳಬೇಕು.

ಈಗ ನನ್ನ ಮನೆ ಹತ್ತಿರದ್ದೇ ವಿಷಯ. ಬಾಲ್ಟಿಮೋರ್ ಅಂಚಿನಲ್ಲಿ ಯುಎಂಬಿಸಿ (ಯೂನಿವರ್ಸಿಟಿ ಆಫ್ ಮೇರಿಲ್ಯಾಂಡ್, ಬಾಲ್ಟಿಮೋರ್ ಕೌಂಟಿ) ಅನ್ನುವ ಸರ್ಕಾರಿ ವಿಶ್ವವಿದ್ಯಾಲಯ ಇದೆ. ಹೆಸರಲ್ಲಿ ಹಾರ್ವರ್ಡ್ ಅಲ್ಲ, ವಯಸ್ಸಲ್ಲೂ ಚಿಕ್ಕದು, 1966ರಲ್ಲಿ ಶುರುವಾದದ್ದು. 1980ರ ದಶಕದಲ್ಲಿ ಇಲ್ಲಿಯೂ ವಿಜ್ಞಾನ ಓದುವ ಕಪ್ಪು ವಿದ್ಯಾರ್ಥಿಗಳು ಮಧ್ಯದಲ್ಲೇ ಬಿಡುತ್ತಿದ್ದರು. ಆಗ ಫ್ರೀಮನ್ ಹ್ರಬೌಸ್ಕಿ ಅನ್ನುವ ಗಣಿತಜ್ಞ ಆಡಳಿತಕ್ಕೆ ಬಂದರು. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ಕಪ್ಪು ಕುಟುಂಬದವರು. ಬಿಳಿಯರ ಶಾಲೆಯಲ್ಲಿ ಹಳತಾದ ಪುಸ್ತಕಗಳು ಕಪ್ಪು ಮಕ್ಕಳ ಶಾಲೆಗೆ ಬರುತ್ತಿದ್ದ ಕಾಲದಲ್ಲಿ ಓದಿದವರು. 1963ರಲ್ಲಿ ಚರ್ಚಿನ ಹಿಂದಿನ ಸಾಲಿನಲ್ಲಿ ಕೂತು ಲೆಕ್ಕ ಮಾಡುತ್ತಿದ್ದಾಗ, ಮಕ್ಕಳು ಮೆರವಣಿಗೆಗೆ ಬಂದರೆ ಒಳ್ಳೆಯ ಶಾಲೆಗೆ ಹೋಗುವ ಹಕ್ಕು ಸಿಗಬಹುದು ಅಂತ ಯಾರೋ ಹೇಳುವುದು ಕಿವಿಗೆ ಬಿತ್ತಂತೆ. ತಲೆಯೆತ್ತಿ ನೋಡಿದರೆ ಮಾರ್ಟಿನ್ ಲೂಥರ್ ಕಿಂಗ್. ಹನ್ನೆರಡು ವರ್ಷದ ಈ ಹುಡುಗ ಮೆರವಣಿಗೆಗೆ ಹೋದ, ಐದು ದಿನ ಜೈಲಿನಲ್ಲಿದ್ದ.

ಅದೇ ಹ್ರಬೌಸ್ಕಿ 1988ರಲ್ಲಿ ರಾಬರ್ಟ್ ಮೈಯರ್‌ಹಾಫ್ ಮತ್ತು ಜೇನ್ ಮೈಯರ್‌ಹಾಫ್ ದಂಪತಿಯ ದಾನದ ಹಣದಿಂದ ಮೈಯರ್‌ಹಾಫ್ ಸ್ಕಾಲರ್ಸ್ ಕಾರ್ಯಕ್ರಮ ಶುರುಮಾಡಿದರು. ಮರುವರ್ಷ ಮೊದಲ ತಂಡ ಬಂತು, 19 ಕಪ್ಪು ಹುಡುಗರು. 1990ರಿಂದ ಹುಡುಗಿಯರೂ ಬಂದರು. ಕಾಲೇಜು ಶುರುವಾಗುವ ಮೊದಲು ಬೇಸಿಗೆಯಲ್ಲಿ ಆರು ವಾರ ಎಲ್ಲರೂ ಕ್ಯಾಂಪಸ್ಸಿನಲ್ಲೇ ಇರಬೇಕು. ಗಣಿತ ಮತ್ತು ಬೇರೆ ಪಾಠಗಳ ಜೊತೆಗೆ, ಅಧ್ಯಾಪಕರ ಹತ್ತಿರ ಹೋಗಿ ಮಾತಾಡುವುದು ಹೇಗೆ, ಸಹಾಯ ಕೇಳುವುದು ಹೇಗೆ ಅನ್ನುವುದನ್ನೂ ಕಲಿಸುತ್ತಾರೆ. ಮೊದಲ ವರ್ಷ ಒಂದೇ ಹಾಸ್ಟೆಲ್. ಗುಂಪಿನಲ್ಲಿ ಓದುವುದು ಅಲ್ಲಿನ ರೂಢಿ. ಮುಖ್ಯ ವಿಷಯದಲ್ಲಿ ಸಿ ಗ್ರೇಡ್ ಬಂದರೆ ಪಾಸಾದೆ ಅಂತ ಬಿಡದೆ, ಮತ್ತೆ ಓದಿ ಗಟ್ಟಿ ಮಾಡಿಕೋ ಅನ್ನುತ್ತಾರೆ. ಬೇಗನೆ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಹಿಂದಿನ ತಂಡದವರು ಮುಂದಿನ ತಂಡದವರನ್ನು ಕೈಹಿಡಿದು ನಡೆಸುತ್ತಾರೆ. ನಮ್ಮ ಹಾಸ್ಟೆಲ್ ಅಕ್ಕ ಒಬ್ಬರೇ ತಮ್ಮ ಮನಸ್ಸಿನಿಂದ ಮಾಡಿದ್ದನ್ನು ಇಲ್ಲಿ ಒಂದು ಸಂಸ್ಥೆ ಪ್ರತಿ ವರ್ಷ ತಪ್ಪದೆ ಮಾಡುತ್ತದೆ.

ಇಲ್ಲಿ ನಿಮಗೆ ಒಂದು ಸಂಶಯ ಬರಬಹುದು, ನನಗೂ ಬಂದಿತ್ತು. ಮೊದಲೇ ಚುರುಕಾದವರನ್ನು ಆರಿಸಿಕೊಂಡರೆ ಫಲಿತಾಂಶ ಚೆನ್ನಾಗಿ ಬರದೆ ಇನ್ನೇನು? ಇದನ್ನೂ ಪರೀಕ್ಷಿಸಿದ್ದಾರೆ. ಆಯ್ಕೆಯಾದ ಕೆಲವರು ಇಲ್ಲಿಗೆ ಬರದೆ ಬೇರೆ ಕಾಲೇಜುಗಳಿಗೆ ಹೋಗುತ್ತಾರೆ. ಅಂದರೆ ಅಷ್ಟೇ ಚುರುಕು, ಅಷ್ಟೇ ಅಂಕ. ಅವರ ಜೊತೆ ಹೋಲಿಸಿದರೆ, ಇಲ್ಲಿ ಓದಿದವರು ವಿಜ್ಞಾನ, ಇಂಜಿನಿಯರಿಂಗ್ ವಿಷಯಗಳಲ್ಲಿ ಪಿಎಚ್‌ಡಿಗೆ ಹೋಗುವ ಸಾಧ್ಯತೆ ಸುಮಾರು ಐದು ಪಟ್ಟು ಜಾಸ್ತಿ. ಬುದ್ಧಿವಂತಿಕೆ ಎರಡೂ ಕಡೆ ಒಂದೇ. ಸುತ್ತ ಇದ್ದ ಜನ, ಸಿಕ್ಕ ಆಸರೆ ಬೇರೆ.

ಕಿಜ್ಮೇಕಿಯಾ ಕಾರ್ಬೆಟ್ ಹೆಸರು ನೀವು ಕೇಳಿರಬಹುದು. ಮಾಡರ್ನಾ ಕೋವಿಡ್ ಲಸಿಕೆಯ ಹಿಂದಿದ್ದ ಅಮೆರಿಕ ಸರ್ಕಾರದ ವಿಜ್ಞಾನಿಗಳ ತಂಡದಲ್ಲಿ ಮುಂದೆ ನಿಂತಿದ್ದ ಕಪ್ಪು ಮಹಿಳೆ. ಅವರು ಮೈಯರ್‌ಹಾಫ್ ವಿದ್ಯಾರ್ಥಿನಿ, 2008ರಲ್ಲಿ ಇಲ್ಲಿಂದ ಪದವಿ ಪಡೆದವರು. ಲಸಿಕೆ ಬಂದಾಗ ಕಪ್ಪು ಜನರಲ್ಲಿ ಅದರ ಬಗ್ಗೆ ಅಪನಂಬಿಕೆ ಇತ್ತು. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನೂರಾರು ಕಪ್ಪು ಗಂಡಸರಿಗೆ ಸಿಫಿಲಿಸ್ ರೋಗಕ್ಕೆ ಔಷಧ ಕೊಡದೆ ಸುಮ್ಮನೆ ನೋಡುತ್ತಾ ಕೂತ ಸರ್ಕಾರಿ ಅಧ್ಯಯನವನ್ನು ಯಾರು ಮರೆಯುತ್ತಾರೆ? ಕಾರ್ಬೆಟ್ ಆ ಜನರ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ನೀವು ಕೇಳಿದ 'ನಾಯಕತ್ವ'ಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ನಾಯಕತ್ವದ ಮಾತು ಬಂದಾಗ ಪಾಸ್ಸಿ ಫೌಂಡೇಶನ್ ಬಗ್ಗೆಯೂ ಹೇಳಬೇಕು. ಕಾಲೇಜು ಬಿಟ್ಟ ಒಬ್ಬ ವಿದ್ಯಾರ್ಥಿ "ನನ್ನ ಗೆಳೆಯರ ತಂಡ ಜೊತೆಗಿದ್ದಿದ್ದರೆ ನಾನು ಕಾಲೇಜು ಬಿಡುತ್ತಲೇ ಇರಲಿಲ್ಲ" ಅಂದನಂತೆ. ಆ ಮಾತನ್ನು ಹಿಡಿದು ಡೆಬೊರಾ ಬಿಯಲ್ 1989ರಲ್ಲಿ ನ್ಯೂಯಾರ್ಕಿನಲ್ಲಿ ಇದನ್ನು ಶುರುಮಾಡಿದರು. ಒಂದೇ ಊರಿನ ಸುಮಾರು ಹತ್ತು ಮಕ್ಕಳನ್ನು ಒಂದೇ ಕಾಲೇಜಿಗೆ ತಂಡವಾಗಿ ಕಳಿಸುತ್ತಾರೆ. ಆಯ್ಕೆಗೆ ಬರೀ ಅಂಕ ನೋಡಲ್ಲ. ಮಕ್ಕಳನ್ನು ಗುಂಪುಗಳಲ್ಲಿ ಬಿಟ್ಟು, ಯಾರು ಬೇರೆಯವರ ಮಾತು ಕೇಳಿಸಿಕೊಳ್ಳುತ್ತಾರೆ, ಯಾರು ಸುಮ್ಮನಿದ್ದವರನ್ನು ಜೊತೆಗೆ ಸೇರಿಸಿಕೊಳ್ಳುತ್ತಾರೆ ಅಂತ ಗಮನಿಸುತ್ತಾರೆ.

ನಮ್ಮವರ ವಿಷಯಕ್ಕೂ ಒಂದು ಮಾತು. ಇಲ್ಲಿನ ಕನ್ನಡದವರ ಮನೆಗಳ ಊಟದಲ್ಲಿ "ನಾವು ಯಾರ ಸಹಾಯವೂ ಇಲ್ಲದೆ ಬಂದೆವು, ಅವರಿಗೆ ಮಾತ್ರ ಯಾಕೆ" ಅನ್ನುವ ಮಾತು ಎಷ್ಟೋ ಸಲ ಕೇಳಿದ್ದೇನೆ. ಆಗೆಲ್ಲ ನಾನು 1965ರ ವಲಸೆ ಕಾನೂನನ್ನು ನೆನಪಿಸುತ್ತೇನೆ. ಅದಕ್ಕೆ ಮೊದಲು ಭಾರತಕ್ಕೆ ವರ್ಷಕ್ಕೆ ಬರೀ 100 ಜನರ ಕೋಟಾ ಇತ್ತು. ಜನಾಂಗ ನೋಡಿ ಮನುಷ್ಯರನ್ನು ತೂಗುವುದು ತಪ್ಪು ಅಂತ ಕಪ್ಪು ಜನ ಬೀದಿಗಿಳಿದು ಹೊಡೆತ ತಿಂದರು. ಹನ್ನೆರಡು ವರ್ಷದ ಹುಡುಗರು ಜೈಲಿಗೆ ಹೋದರು. ಆ ಹೋರಾಟದ ಕಾವಿನಲ್ಲೇ 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂತು, ಮರುವರ್ಷ ನಮಗೂ ಬಾಗಿಲು ತೆರೆಯಿತು. ನಾನು ವಿಮಾನ ಹತ್ತಿದ್ದು ಆ ಬಾಗಿಲಿಂದ. ಊರಿನಲ್ಲಿ ಓದಿದ್ದು ಸರ್ಕಾರಿ ಹಾಸ್ಟೆಲ್ಲಿನ ಅನ್ನ ತಿಂದು. "ಯಾರ ಸಹಾಯವೂ ಇಲ್ಲದೆ" ಅನ್ನಲು ನನಗೆ ಬಾಯಿ ಬರಲ್ಲ.

ಈಗಿನ ಸ್ಥಿತಿ ಸುಲಭ ಇಲ್ಲ. 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ಉತ್ತರ ಕೆರೊಲಿನಾ ವಿಶ್ವವಿದ್ಯಾಲಯಗಳ ಮೊಕದ್ದಮೆಯಲ್ಲಿ, ಕಾಲೇಜು ಪ್ರವೇಶಕ್ಕೆ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತು. ನನಗೆ ಆ ತೀರ್ಪಿನಿಂದ ತುಂಬಾ ಬೇಸರವಾಯಿತು. ಮೇರಿಲ್ಯಾಂಡಿನಲ್ಲಿ ಇಂಥ ಪೆಟ್ಟು ಮೊದಲೇ ಬಿದ್ದಿತ್ತು. ಇಲ್ಲಿನ ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳಿಗಷ್ಟೇ ಇದ್ದ ಸ್ಕಾಲರ್‌ಶಿಪ್ ಅನ್ನು 1994ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತ್ತು. ಹಾಗಾಗಿ ಮೈಯರ್‌ಹಾಫ್ ಕಾರ್ಯಕ್ರಮ 1996ರಿಂದಲೇ ಎಲ್ಲಾ ಜನಾಂಗದವರಿಗೂ ತೆರೆದುಕೊಂಡಿದೆ. ಕೆಲಸದ ರೀತಿ ಮಾತ್ರ ಬದಲಾಗಲಿಲ್ಲ. ಅದೇ ಬೇಸಿಗೆಯ ಆರು ವಾರ, ಅದೇ ಗುಂಪು ಓದು. ಕಪ್ಪು ವಿದ್ಯಾರ್ಥಿಗಳನ್ನು ವಿಜ್ಞಾನದಲ್ಲಿ ಮುಂದೆ ತರಬೇಕು ಅನ್ನುವ ಉದ್ದೇಶವನ್ನೂ ಬಿಟ್ಟಿಲ್ಲ. ಪೆನ್ ಸ್ಟೇಟ್ ಮತ್ತು ಉತ್ತರ ಕೆರೊಲಿನಾ ವಿಶ್ವವಿದ್ಯಾಲಯಗಳು ಇದೇ ಮಾದರಿಯನ್ನು ತಮ್ಮಲ್ಲೂ ಶುರುಮಾಡಿವೆ.

ಹಾಗಾಗಿ ನಿಮ್ಮ ಅಣ್ಣನಿಗೆ ಇದನ್ನು ತಿಳಿಸಿ. ಅವರಿಗೆ ಹೈಸ್ಕೂಲು ಓದುವ ಮಕ್ಕಳಿದ್ದು, ಅಲ್ಲಿನ ಪೌರತ್ವವೋ ಗ್ರೀನ್ ಕಾರ್ಡೋ ಇದ್ದರೆ, ವಿಜ್ಞಾನದಲ್ಲಿ ಸಂಶೋಧನೆ ಮಾಡುವ ಆಸೆ ಇದ್ದರೆ, ಅವರೂ ಮೈಯರ್‌ಹಾಫ್‌ಗೆ ಅರ್ಜಿ ಹಾಕಬಹುದು. ಆಯ್ಕೆಯಾದರೆ ಆ ಆರು ವಾರದ ಶಿಬಿರದಲ್ಲಿ ಬಾಲ್ಟಿಮೋರಿನ ಕಪ್ಪು ಹುಡುಗ ಹುಡುಗಿಯರ ಜೊತೆ ಒಂದೇ ಟೇಬಲ್ಲಿನಲ್ಲಿ ಕೂತು ಲೆಕ್ಕ ಬಿಡಿಸಬೇಕಾಗುತ್ತದೆ. ಆ ಮಕ್ಕಳಲ್ಲಿ ಒಂದಿಬ್ಬರು ನನ್ನ ಶನಿವಾರದ ತರಗತಿಯವರೇ ಆಗಿರಲಿ ಅನ್ನುವುದು ನನ್ನ ಆಸೆ.