ಹೊಯಿಗೆ ಮಣ್ಣಿಗೆ ಒಂದೇ ಸಲ ಬಡಿಸಬೇಡಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಕಡಲ ಬದಿಯವರದ್ದೇ. ಎಲ್ಲರ ದೂರೂ ಹೆಚ್ಚುಕಡಿಮೆ ಒಂದೇ: ನಮ್ಮದು ಬರೀ ಹೊಯಿಗೆ, ಏನು ಹಾಕಿದರೂ ನಿಲ್ಲುವುದಿಲ್ಲ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಮರಳು ಮಣ್ಣಿಗೇ ಮೀಸಲು. ಅಡಿಕೆ ರೋಗ ಕೇಳಿದವರು ಇನ್ನೊಂದು ತಿಂಗಳು ಕಾಯಿರಿ.

ಪ್ರಶ್ನೆ: ಮಲ್ಪೆಯಿಂದ ಸ್ವಲ್ಪ ಉತ್ತರಕ್ಕೆ, ಕಡಲಿಗೆ ಅರ್ಧ ಕಿಲೋಮೀಟರ್ ದೂರದಲ್ಲಿ 15 ಸೆಂಟ್ಸ್ ಜಾಗ ತಗೊಂಡಿದ್ದೇನೆ. ನಾನು ಹುಟ್ಟಿ ಬೆಳೆದದ್ದು ಹಾವೇರಿ ಕಡೆಯ ಕರಿಮಣ್ಣಿನಲ್ಲಿ. ಇಲ್ಲಿ ಒಂದು ಕೊಡ ನೀರು ಸುರಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಾಯ. ಇದನ್ನು ಮಣ್ಣು ಅನ್ನಬಹುದಾ?

ಉತ್ತರ: ಧಾರಾಳವಾಗಿ ಅನ್ನಬಹುದು. ನಿಮಗೆ ಗಾಬರಿ ಆಗಿದ್ದು ಸಹಜ, ಯಾಕೆಂದರೆ ನೀವು ಬಿಟ್ಟು ಬಂದದ್ದು ಇದಕ್ಕೆ ಪೂರ್ತಿ ಉಲ್ಟಾ ಇರುವ ಮಣ್ಣು. ಅಲ್ಲಿ ಮಳೆ ಬಂದರೆ ಚಪ್ಪಲಿಗೆ ಒಂದು ಕಿಲೋ ಅಂಟುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇಲ್ಲಿ ಎರಡೂ ಇಲ್ಲ.

ವ್ಯತ್ಯಾಸ ಇರುವುದು ಕಣದ ಗಾತ್ರದಲ್ಲಿ. ಮರಳಿನ ಕಣ 2 ಮಿ.ಮೀ.ನಿಂದ 0.05 ಮಿ.ಮೀ.ವರೆಗೆ. ಜೇಡಿಯ ಕಣ 0.002 ಮಿ.ಮೀ.ಗಿಂತಲೂ ಸಣ್ಣದು. ಅಡುಗೆಮನೆಯಲ್ಲೇ ನೋಡಿ: ಜರಡಿಯಲ್ಲಿ ರಾಗಿ ಕಾಳು ಹಾಕಿ ಮೇಲೆ ನೀರು ಸುರಿದರೆ ಕೆಳಗೆ ದಬದಬ ಇಳಿಯುತ್ತದೆ, ಕಾಳಿನ ಮೈಗೆ ಒಂದಿಷ್ಟು ಪಸೆ ಅಂಟಿರುತ್ತದೆ ಅಷ್ಟೇ. ಅದೇ ರಾಗಿಯನ್ನು ಹಿಟ್ಟು ಮಾಡಿ ಸುರಿಯಿರಿ, ನೀರು ಅಲ್ಲೇ ಕೂರುತ್ತದೆ. ಮರಳಿನಲ್ಲಿ ಗಂಟೆಗೆ 30 ಮಿ.ಮೀ.ಗಿಂತ ಹೆಚ್ಚು ನೀರು ಇಂಗಿ ಹೋಗುತ್ತದೆ, ಜೇಡಿಯಲ್ಲಿ 5 ಮಿ.ಮೀ. ದಾಟುವುದೇ ಕಷ್ಟ. ಒಂದು ಅಡಿ ಆಳದ ಮರಳು ಗಿಡಕ್ಕೆ ಸಿಗುವ ಹಾಗೆ ಇಟ್ಟುಕೊಳ್ಳುವ ನೀರು ಒಂದಿಂಚಿಗೂ ಕಡಿಮೆ. ನಿಮ್ಮ ಕರಿಮಣ್ಣು ಅದರ ದುಪ್ಪಟ್ಟು ಇಟ್ಟುಕೊಳ್ಳುತ್ತದೆ.

ಇದನ್ನೇ ಇನ್ನೊಂದು ಕಡೆಯಿಂದ ನೋಡಿ. ಉಡುಪಿ ಕಡೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರಲ್ಲಿ ಮುಕ್ಕಾಲುಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ಮಳೆ ನಿಮ್ಮ ಊರಿನ ಹೊಲದ ಮೇಲೆ ಬಿದ್ದರೆ ಬೇರಿಗೆ ಉಸಿರಾಡಲು ಗಾಳಿ ಸಿಗದೆ ಬೆಳೆ ಕೊಳೆತೇ ಹೋಗುತ್ತದೆ. ಇಲ್ಲಿ ಎಂಟು ದಿನ ಬಿಡದೆ ಹೊಯ್ದರೂ ಮಳೆ ನಿಂತ ಅರ್ಧ ಗಂಟೆಗೆ ಅಂಗಳದಲ್ಲಿ ಓಡಾಡಬಹುದು.

ಹಾಗಂತ ಹೊಯಿಗೆ ಇದ್ದಲ್ಲೆಲ್ಲ ನೀರು ಬಸಿಯುತ್ತದೆ ಅಂತ ನಂಬಿ ಕೂರಬೇಡಿ. ಮರಳಿನ ದಿಣ್ಣೆಯ ಮೇಲೆ ಬಸಿಯುತ್ತದೆ. ಎರಡು ದಿಣ್ಣೆಗಳ ನಡುವಿನ ತಗ್ಗಿನಲ್ಲಿ, ಅದೇ ಮರಳಿದ್ದರೂ, ಮಳೆಗಾಲದಲ್ಲಿ ನೆಲದ ನೀರೇ ಮೇಲೆದ್ದು ಬಂದಿರುತ್ತದೆ. ಊರಿನವರು ಎತ್ತರದ ಗದ್ದೆಗೆ ಬೆಟ್ಟು, ನಡುವಿನದ್ದಕ್ಕೆ ಮಜಲು, ತಗ್ಗಿನದ್ದಕ್ಕೆ ಬೈಲು ಅಂತ ಬೇರೆ ಬೇರೆ ಹೆಸರು ಇಟ್ಟದ್ದು ಸುಮ್ನೆ ಅಲ್ಲ. ಜುಲೈನಲ್ಲಿ ಒಂದು ಎರಡಡಿ ಗುಂಡಿ ತೋಡಿ, ಮಾರನೇ ದಿನ ನೋಡಿ. ತಳದಲ್ಲಿ ನೀರು ನಿಂತಿದ್ದರೆ ನಿಮ್ಮದು ತಗ್ಗು.

ಇನ್ನೊಂದು ಪರೀಕ್ಷೆ ಮಕ್ಕಳಿಗೆ ಹೇಳಿ ಮಾಡಿಸಿ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂತದ್ದು ಮರಳು. ಮರುದಿನದವರೆಗೂ ನೀರನ್ನು ಕದಡಿಸಿಕೊಂಡೇ ಇರುವುದು ಜೇಡಿ. ನಿಮ್ಮ ಬಾಟಲಿ ಹತ್ತೇ ನಿಮಿಷಕ್ಕೆ ತಿಳಿಯಾದರೆ ಆಶ್ಚರ್ಯ ಬೇಡ.

ಪ್ರಶ್ನೆ: ಕುಂದಾಪುರ ತಾಲೂಕಿನಲ್ಲಿ ಕಡಲ ಬದಿ 40 ತೆಂಗಿನ ಮರ ಇವೆ. ಪ್ರತಿ ಜೂನ್‌ನಲ್ಲಿ ತಪ್ಪದೆ ಗೊಬ್ಬರ ಹಾಕುತ್ತೇನೆ. ಆದರೂ ಕೆಳಗಿನ ಗರಿಗಳು ಹಳದಿ, ಕಾಯಿ ಸಣ್ಣದು. ಮೈಲಿ ಒಳಗಿರುವ ತಮ್ಮನ ತೋಟಕ್ಕೆ ಅಷ್ಟೇ ಗೊಬ್ಬರ, ಕಾಯಿ ಮಾತ್ರ ದೊಡ್ಡದು. ಯಾಕೆ?

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಇದೆ. "ಪ್ರತಿ ಜೂನ್‌ನಲ್ಲಿ."

ನಾನೂ ಇದೇ ತಪ್ಪು ಮಾಡಿದವನು. ಮೊದಲ ವರ್ಷ ಹುಮ್ಮಸ್ಸಿನಲ್ಲಿ ಜೂನ್ ಮೊದಲ ವಾರ ಎಲ್ಲ ಮರದ ಬುಡ ಬಿಡಿಸಿ, ಇಡೀ ವರ್ಷದ ಯೂರಿಯಾ ಮತ್ತು ಪೊಟ್ಯಾಷ್ ಒಂದೇ ದಿನ ಸುರಿದೆ. ಆ ರಾತ್ರಿಯೇ ಮಳೆ ಹಿಡಿಯಿತು, ನಾಲ್ಕು ದಿನ ಬಿಡಲಿಲ್ಲ. ಐದನೇ ದಿನ ಬುಡದಲ್ಲಿ ತೊಳೆದಿಟ್ಟ ಹಾಗೆ ಬೆಳ್ಳಗಿನ ಹೊಯಿಗೆ. ನನ್ನ ದುಡ್ಡು ಭಟ್ಕಳದ ಕಡೆಗೋ ಲಕ್ಷದ್ವೀಪದ ಕಡೆಗೋ ಹೊರಟಿತ್ತು.

ಜೇಡಿ ಕಣಗಳ ಮೈಮೇಲೆ ಋಣ ವಿದ್ಯುತ್ ಇರುತ್ತದೆ, ಪೊಟ್ಯಾಷ್, ಸುಣ್ಣ, ಮೆಗ್ನೀಷಿಯಂ ಅದಕ್ಕೆ ಅಂಟಿಕೊಳ್ಳುತ್ತವೆ. ಬೇರು ಬೇಕೆಂದಾಗ ಅಲ್ಲಿಂದ ತೆಗೆದುಕೊಳ್ಳುತ್ತದೆ. ಮರಳಿನಲ್ಲಿ ಆ ಹಿಡಿತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಿಮ್ಮ ತಮ್ಮನ ಮಣ್ಣಿಗೆ ಕಿಸೆ ಇದೆ, ನಿಮ್ಮದಕ್ಕೆ ಇಲ್ಲ. ಹಾಗಾಗಿ ಪ್ರಮಾಣ ಜಾಸ್ತಿ ಮಾಡಬೇಡಿ, ಕಂತು ಜಾಸ್ತಿ ಮಾಡಿ.

ದೊಡ್ಡ ತೆಂಗಿನ ಮರಕ್ಕೆ ವರ್ಷಕ್ಕೆ ಶಿಫಾರಸು 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್. ಅಂಗಡಿ ಲೆಕ್ಕದಲ್ಲಿ ಸುಮಾರು 1.1 ಕಿಲೋ ಯೂರಿಯಾ, 2 ಕಿಲೋ ಸೂಪರ್ ಫಾಸ್ಫೇಟ್, 2 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಬೇರೆ ಮಣ್ಣಿನಲ್ಲಿ ಎರಡು ಕಂತು ಸಾಕು. ನೀವು ನಾಲ್ಕು ಮಾಡಿ: ಮೇ ಕೊನೆಯಲ್ಲಿ ಚೂರು, ಆಗಸ್ಟ್ ಕೊನೆಗೆ ಮಳೆ ಇಳಿದ ಮೇಲೆ ಒಂದು ದೊಡ್ಡ ಪಾಲು, ಅಕ್ಟೋಬರ್‌ನಲ್ಲಿ ಒಂದು, ನೀರು ಬಿಡುವ ಸೌಕರ್ಯ ಇದ್ದರೆ ಜನವರಿಯಲ್ಲಿ ಇನ್ನೊಂದು. ಸೊಂಟ ನೋಯುತ್ತದೆ, ಕೂಲಿಯೂ ಜಾಸ್ತಿ, ಗೊತ್ತು. ಆದರೆ ಸಮುದ್ರಕ್ಕೆ ಗೊಬ್ಬರ ಹಾಕುವುದಕ್ಕಿಂತ ಅಗ್ಗ.

ಹಳದಿ ಹೇಗಿದೆ ಅಂತ ನೀವು ಬರೆದಿಲ್ಲ. ಗರಿಯ ತುದಿ, ಅಂಚು ಒಣಗಿ ಕಿತ್ತಳೆ ಬಣ್ಣದ ಚುಕ್ಕೆ ಇದ್ದರೆ ಪೊಟ್ಯಾಷ್ ಕೊರತೆ. ನಡುದಿಂಡಿನ ಬಳಿ ಹಸಿರು ಉಳಿದು ಹೊರಗಡೆ ಹಳದಿಯಾಗಿದ್ದರೆ ಮೆಗ್ನೀಷಿಯಂ ಕೊರತೆ, ಅದಕ್ಕೆ ಮರಕ್ಕೆ 500 ಗ್ರಾಂ ಮೆಗ್ನೀಷಿಯಂ ಸಲ್ಫೇಟ್.

ಇನ್ನು ಕಾಯಿ ಸುಲಿದ ಸಿಪ್ಪೆ ಏನು ಮಾಡುತ್ತೀರಿ? ಬಚ್ಚಲ ಒಲೆಗೆ ಹಾಕುತ್ತೀರಿ ಅಲ್ವಾ? ಸ್ವಲ್ಪ ಉಳಿಸಿ. ಬುಡದಿಂದ ಆರೇಳು ಅಡಿ ದೂರದಲ್ಲಿ, ಸುತ್ತಲೂ ಒಂದೂವರೆ ಅಡಿ ಆಳದ ಕಾಲುವೆ ತೋಡಿ, ಸಿಪ್ಪೆಯ ತಗ್ಗಿನ ಮೈ ಮೇಲಕ್ಕೆ ಬರುವ ಹಾಗೆ ಒಂದರ ಪಕ್ಕ ಒಂದು ಜೋಡಿಸಿ, ಮೇಲೆ ತೆಳುವಾಗಿ ಮಣ್ಣು, ಮತ್ತೆ ಒಂದು ಪದರ ಸಿಪ್ಪೆ. ಬಟ್ಟಲು ಇಟ್ಟ ಹಾಗೆ ಅದು ನೀರು ಹಿಡಿಯುತ್ತದೆ. ಒಮ್ಮೆ ಮಾಡಿದರೆ ಐದಾರು ವರ್ಷ ಬಾಳುತ್ತದೆ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ, ಆಗ ಅದು ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿತ್ತು. ಮರಳಿನಲ್ಲಿ ತೆಂಗು ಸಾಕುವುದು ಹೇಗೆ ಅನ್ನುವುದು ಅಲ್ಲಿನವರ ತೀರಾ ಹಳೆಯ ಚಿಂತೆ.

ನೀರೂ ಹಾಗೆಯೇ. ಬುಡಕ್ಕೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ಅನ್ನುವ ಲೆಕ್ಕ ನಿಮಗೆ ಒಗ್ಗುವುದಿಲ್ಲ, ಎರಡು ದಿನಕ್ಕೊಮ್ಮೆ 100 ಕೊಡಿ. ಡ್ರಿಪ್ ಹಾಕಿದರೆ ಮರಕ್ಕೆ ನಾಲ್ಕರ ಬದಲು ಆರು ಕಡೆ ತೊಟ್ಟಿಕ್ಕಬೇಕು. ಮರಳಿನಲ್ಲಿ ಹನಿ ಅಗಲಕ್ಕೆ ಹರಡುವುದಿಲ್ಲ, ಮೂಲಂಗಿ ಹಾಗೆ ಸೀದಾ ಕೆಳಗೆ ಇಳಿಯುತ್ತದೆ.

ಪ್ರಶ್ನೆ: ಒಂದು ಎಕರೆ ಹೊಯಿಗೆಗೆ ಕೆಂಪು ಮಣ್ಣು ಹೊಡೆಸಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ. ಹೌದಾ?

ಉತ್ತರ: ಒಂದೇ ಒಂದು ಇಂಚು ದಪ್ಪ ಹರಡಲು 3630 ಘನ ಅಡಿ ಬೇಕು, ಅಂದರೆ ನೂರು ಘನ ಅಡಿಯ 36 ಯುನಿಟ್. ನಿಮಗೆ ಬೇಕಾಗಿರುವುದು ಆರಿಂಚು ಆದರೆ ಆರರಿಂದ ಗುಣಿಸಿ, ಆಮೇಲೆ ಟಿಪ್ಪರಿನವರಿಗೆ ಫೋನ್ ಮಾಡಿ. ನಾನು ಒಮ್ಮೆ ತರಿಸಿದೆ. ಕೆಂಪಗೇನೋ ಇತ್ತು, ಆದರೆ ಅರ್ಧಕ್ಕರ್ಧ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪುಡಿ. ಗಿಡದ ಗುಂಡಿಗೆ ಮಾತ್ರ ಒಳ್ಳೆಯ ಕೆರೆಗೋಡು, ಸುಡುಮಣ್ಣು, ಹಟ್ಟಿಗೊಬ್ಬರ ತುಂಬಿ, ಸಾಕು. ಗುಂಡಿಯೂ ದೊಡ್ಡದು ಬೇಡ: ಮುರಕಲ್ಲು ನೆಲದಲ್ಲಿ ತೆಂಗಿಗೆ ನಾಲ್ಕಡಿ ತೋಡುವವರು ಮರಳಿನಲ್ಲಿ ಎರಡೂವರೆ ಅಡಿಗೆ ನಿಲ್ಲಿಸಬಹುದು. ಬೇರಿಗೆ ದಾರಿ ಮೊದಲೇ ಇದೆ.

ಪ್ರಶ್ನೆ: ಬೈಂದೂರು ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ನೆಲಗಡಲೆ ಹಾಕುತ್ತೇವೆ. ಗಿಡ ಸೊಂಪಾಗಿದೆ, ಕಿತ್ತು ನೋಡಿದರೆ ಬುಡದಲ್ಲಿ ಗೊಂಚಲೂ ಇದೆ, ಒಡೆದರೆ ಅರ್ಧ ಜೊಳ್ಳು. ಮಣ್ಣಿನ ದೋಷವೇ?

ಉತ್ತರ: ದೋಷ ಅನ್ನಬೇಡಿ, ನೆಲಗಡಲೆಗೆ ಇದಕ್ಕಿಂತ ಒಳ್ಳೆಯ ಮಣ್ಣು ಸಿಗುವುದು ಕಷ್ಟ. ಹೂವು ಬಾಡಿದ ಮೇಲೆ ಸೂಜಿಯಂಥ ಒಂದು ಕಡ್ಡಿ ಹೊರಟು ನೆಲಕ್ಕೆ ಚುಚ್ಚಿಕೊಳ್ಳುತ್ತದಲ್ಲ, ಆ ಎಳೆ ಕಡ್ಡಿಗೆ ಗಟ್ಟಿ ನೆಲ ಸೀಳುವ ತಾಕತ್ತು ಇಲ್ಲ. ಹೊಯಿಗೆಯಲ್ಲಿ ಬೆಣ್ಣೆಗೆ ಕಡ್ಡಿ ಚುಚ್ಚಿದ ಹಾಗೆ ಇಳಿಯುತ್ತದೆ. ಕೀಳುವಾಗಲೂ ಅಷ್ಟೇ, ಒಂದು ಎಳೆತಕ್ಕೆ ಗೊಂಚಲು ಪೂರ್ತಿ ಬರುತ್ತದೆ, ಕೊಡವಿದರೆ ಕಾಯಿ ಸ್ವಚ್ಛ. ಜೇಡಿಮಣ್ಣಿನವರು ಅರ್ಧ ಕಾಯಿ ನೆಲದಲ್ಲೇ ಬಿಟ್ಟು ಬರುತ್ತಾರೆ.

ನಿಮ್ಮಲ್ಲಿ ಕಮ್ಮಿ ಬಿದ್ದಿರುವುದು ಕ್ಯಾಲ್ಸಿಯಂ. ಇದರಲ್ಲಿ ಒಂದು ವಿಚಿತ್ರ ಇದೆ. ಬೇರು ಹೀರಿದ ಕ್ಯಾಲ್ಸಿಯಂ ನೀರಿನ ಜೊತೆ ಎಲೆಗೆ ಹೋಗುತ್ತದೆ, ಅಲ್ಲಿಂದ ಮತ್ತೆ ಕೆಳಗಿಳಿದು ಕಾಯಿಗೆ ಬರುವುದಿಲ್ಲ. ಮಣ್ಣೊಳಗಿನ ಕಾಯಿ ತನಗೆ ಬೇಕಾದ್ದನ್ನು ಸುತ್ತಲಿನ ಎರಡು ಮೂರು ಇಂಚು ಮಣ್ಣಿನಿಂದ ಸಿಪ್ಪೆಯ ಮೂಲಕವೇ ಹೀರಬೇಕು. ಮೇಲೆ ಗಿಡ ಎಷ್ಟು ಹಸಿರಾಗಿದ್ದರೂ ಆ ಎರಡು ಮೂರು ಇಂಚಿನಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಕಾಳು ಕಟ್ಟುವುದಿಲ್ಲ. ಮಳೆಗಾಲವಿಡೀ ತೊಳೆದ ಮರಳಿನಲ್ಲಿ ಎಲ್ಲಿಂದ ಬರಬೇಕು? ಬಿತ್ತಿದ 35-40 ದಿನಕ್ಕೆ, ಕಡ್ಡಿ ಇಳಿಯುವ ಹೊತ್ತಿಗೆ, ಕ್ಯಾಲ್ಸಿಯಂ ಇರುವ ಜಿಪ್ಸಮ್ ಎಕರೆಗೆ 200 ಕಿಲೋ ಬುಡದ ಪಕ್ಕ ಉದುರಿಸಿ, ಮಣ್ಣು ಏರಿಸಿ, ತೆಳ್ಳಗೆ ನೀರು ಕೊಡಿ. ಆಮೇಲೆ ಸಾಲಿನೊಳಗೆ ಕಾಲಿಡಬೇಡಿ, ಕಳೆ ಕೀಳುವ ನೆಪದಲ್ಲೂ ಬೇಡ. ಇಳಿದ ಕಡ್ಡಿ ಅಲುಗಾಡಿದರೆ ಮುಗಿಯಿತು.

ಪ್ರಶ್ನೆ: ಹೊನ್ನಾವರದ ಹತ್ತಿರ ಕಡಲಿಗೆ 300 ಮೀಟರ್ ದೂರದಲ್ಲಿ ನಮ್ಮ ಅಜ್ಜನ ಕಾಲದ ಬಾವಿ ಇದೆ. ನೀರು ಸಿಹಿ. ಪಕ್ಕದವರು ಆಳಕ್ಕೆ ಬೋರ್ ಕೊರೆಸಿದರು, ಬರೀ ಉಪ್ಪು. ಇದೆಂಥ ಮಾಯೆ?

ಉತ್ತರ: ಮಳೆನೀರು ಉಪ್ಪುನೀರಿಗಿಂತ ಹಗುರ. ಮರಳಿನೊಳಗೆ ಇಳಿದ ಮಳೆನೀರು ಕಡಲಿನ ನೀರಿನ ಮೇಲೆ ತೇಲುತ್ತಾ ಕೂತಿರುತ್ತದೆ. ಲೆಕ್ಕ ಹೀಗಿದೆ: ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ಇದ್ದರೆ, ಕೆಳಗೆ ಸುಮಾರು 40 ಅಡಿಯವರೆಗೂ ಸಿಹಿನೀರೇ. ಇದೇ ಲೆಕ್ಕ ತಿರುಗಿಸಿದರೆ ಹೆದರಿಕೆ ಆಗುತ್ತದೆ. ಜೋರಾಗಿ ಪಂಪ್ ಹೊಡೆದು ಒಂದು ಅಡಿ ಇಳಿಸಿ ಹಾಗೇ ಬಿಟ್ಟರೆ, ಕೆಳಗಿನಿಂದ ಉಪ್ಪು 40 ಅಡಿ ಏರಲು ಹೊರಡುತ್ತದೆ. ನಿಮ್ಮ ಅಜ್ಜ ಕೊಡಪಾನದಲ್ಲಿ ಮೇಲಿನಿಂದ ತೆಗೆದರು, ಪಕ್ಕದವರು ತಳಕ್ಕೇ ಕೈ ಹಾಕಿದರು. ಸಣ್ಣ ಪಂಪ್ ಇಟ್ಟು, ಬೆಳಿಗ್ಗೆ ಸ್ವಲ್ಪ ಸಂಜೆ ಸ್ವಲ್ಪ ಎತ್ತಿ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಮರಳು ನೀರನ್ನು ಸೋಸುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ನಿಧಾನಕ್ಕೆ ಹರಿದರೆ ಸೋಸುತ್ತದೆ. ದಪ್ಪ ಹೊಯಿಗೆಯಲ್ಲಿ ಅದು ಓಡುತ್ತದೆ, ಜೊತೆಗೆ ಪಾಯಿಖಾನೆ ಗುಂಡಿಯದ್ದೂ ಓಡುತ್ತದೆ. ಬಾವಿಗೂ ಇಂಗುಗುಂಡಿಗೂ ಕನಿಷ್ಠ 60 ಅಡಿ ಬಿಡಿ, ಇನ್ನೂ ಜಾಸ್ತಿ ಆದರೆ ಒಳ್ಳೆಯದೇ. ಪಕ್ಕದ ಮನೆಯವರ ಗುಂಡಿ ಎಲ್ಲಿದೆ ಅಂತಲೂ ನೋಡಿ, ಮರಳಿಗೆ ಬೇಲಿ ಗೊತ್ತಿಲ್ಲ.

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯ ದಕ್ಷಿಣ ಭಾಗದಲ್ಲಿ ಇದ್ದೇವೆ. ಹಿತ್ತಲು ನೋಡಿದರೆ ಪಡುಬಿದ್ರಿಯ ಹಾಗೇ ಮರಳು. ಮಟ್ಟುಗುಳ್ಳ ಬೆಳೆಯಬಹುದಾ?

ಉತ್ತರ: ಬದನೆ ಖಂಡಿತ ಬರುತ್ತದೆ, ಬೇಸಿಗೆ ಒಂದರಲ್ಲೇ ಮುಗಿಸಬೇಕು ಅಷ್ಟೇ. ಗುಳ್ಳ ಅನ್ನಬಹುದು, ಮಟ್ಟುಗುಳ್ಳ ಅಂದರೆ ಕಟಪಾಡಿ ಹತ್ತಿರದ ಮಟ್ಟು ಊರಿನವರು ಜಗಳಕ್ಕೆ ಬಂದಾರು, ಆ ಹೆಸರು ಆ ಊರಿನ ಬೆಳೆಗೇ ಸಲ್ಲಬೇಕು ಅನ್ನುವ ಭೌಗೋಳಿಕ ಗುರುತು (ಜಿಐ) ಅದಕ್ಕೆ 2011ರಲ್ಲೇ ಸಿಕ್ಕಿದೆ. ಬೀಜ ಒಯ್ಯುವ ಮೊದಲು ಅಲ್ಲಿನ ಕಸ್ಟಮ್ಸ್ ನಿಯಮ ನೋಡಿಕೊಳ್ಳಿ.

ನಿಮ್ಮ ಮರಳು ನಮ್ಮದಕ್ಕಿಂತಲೂ ಹುಳಿ, ಅಂದರೆ ಆಮ್ಲೀಯ. ನಿಮ್ಮ ಪಕ್ಕದ ಪೈನ್ ಬ್ಯಾರೆನ್ಸ್ ಕಾಡಿನ ನೆಲ ಎಷ್ಟು ಹುಳಿ ಅಂದರೆ, ಹಳೆಯ ರೈತರು ಅದನ್ನು ಬಂಜರು ಅಂತಲೇ ಕರೆದರು. ಅಲ್ಲೇ ವೈಟ್ಸ್‌ಬಾಗ್ ಎಂಬಲ್ಲಿ ಎಲಿಜಬೆತ್ ವೈಟ್ ಮತ್ತು ಫ್ರೆಡರಿಕ್ ಕೋವಿಲ್ ಕಾಡು ಬ್ಲೂಬೆರಿಯನ್ನು ಪಳಗಿಸಿ 1916ರಲ್ಲಿ ಮೊದಲ ಬೆಳೆ ಮಾರಿದರು. ಕಾಸರಗೋಡಿನವರು ಮರಳಿಗೆ ತೆಂಗನ್ನು ಹೊಂದಿಸಲು ಕೂತ ಅದೇ ವರ್ಷ, ನೋಡಿ! ಬದನೆಗೆ ಅಷ್ಟು ಹುಳಿ ಆಗದು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಸುಣ್ಣ ಹಾಕಿ, ಕಾಂಪೋಸ್ಟ್ ಕೈ ಬಿಚ್ಚಿ ಕೊಡಿ. ಬೇರಿನಲ್ಲಿ ಗಂಟು ಕಂಡರೆ ಮುಂದಿನ ವರ್ಷ ಅದೇ ಜಾಗದಲ್ಲಿ ಬದನೆ ಬೇಡ. ಬೇರುಗಂಟು ಮಾಡುವ ಜಂತುಹುಳಕ್ಕೆ ಸಡಿಲ ಮರಳು ಅಂದರೆ ತವರುಮನೆ.

ಪ್ರಶ್ನೆ: ಕಾರವಾರದ ಹತ್ತಿರ ಮನೆ. ಗಾಳಿಮರದ (ಸರ್ವೆ ಮರದ) ಸೂಜಿಯಂಥ ಎಲೆ ಅಂಗಳದ ತುಂಬ ಬೀಳುತ್ತದೆ. ಇದರ ಕೆಳಗೆ ಹುಲ್ಲೂ ಹುಟ್ಟುವುದಿಲ್ಲ. ಸುಟ್ಟುಬಿಡಲಾ?

ಉತ್ತರ: ಬೇಡ ಮಾರಾಯ್ರೇ. 1868ರಲ್ಲಿ ಸೌದೆಗೆಂದು ಈ ಮರ ತಂದು ನೆಟ್ಟದ್ದು ನಿಮ್ಮ ಕಾರವಾರದಲ್ಲೇ. ಬೇರಿನ ಗಂಟುಗಳಲ್ಲಿ ಇರುವ ಸೂಕ್ಷ್ಮಜೀವಿ ಗಾಳಿಯ ಸಾರಜನಕ ಹಿಡಿದು ಕೊಡುವುದರಿಂದಲೇ ಅದು ಬರೀ ಹೊಯಿಗೆಯಲ್ಲೂ ಬೆಳೆಯುತ್ತದೆ. ಎಲೆ ಬೇಗ ಕೊಳೆಯುವುದಿಲ್ಲ ಅನ್ನುವುದು ನಿಮಗೆ ಕಿರಿಕಿರಿ, ಮರಳಿಗೆ ಅದೇ ಲಾಭ. ಬಿಸಿಲಿಗೆ ಹೊಯಿಗೆ ಕಾದ ಬಾಣಲೆ ಆಗುತ್ತದೆ, ಬರಿಗಾಲಲ್ಲಿ ಏಪ್ರಿಲ್ ಮಧ್ಯಾಹ್ನ ನಡೆದವರಿಗೆ ಗೊತ್ತು. ಗುಡಿಸಿದ್ದನ್ನು ತೆಂಗಿನ ಬುಡಕ್ಕೆ ನಾಲ್ಕಿಂಚು ದಪ್ಪ ಹಾಸಿ, ಗಾಳಿಗೆ ಹಾರದ ಹಾಗೆ ಮೇಲೆ ಎರಡು ಒಣ ಮಡಲು ಇಡಿ. ಒಂದು ತಿಂಗಳು ಬಿಟ್ಟು ಅದನ್ನು ಸರಿಸಿ ಕೈ ಇಟ್ಟು ನೋಡಿ, ಅಡಿಯ ಮರಳು ತಣ್ಣಗಿರುತ್ತದೆ.